9.72 ಬಂದರೆ ಪ್ರಯೋಗ ತಪ್ಪಾ?

ತೀರ್ಥಹಳ್ಳಿ ಹುಡುಗಿ:
ಶಿವಮೊಗ್ಗದಲ್ಲಿ ಮೊದಲ ವರ್ಷದ ಬಿಎಸ್ಸಿ. ಸಿಂಪಲ್ ಪೆಂಡುಲಮ್ (ದಾರಕ್ಕೆ ಗುಂಡು ಕಟ್ಟಿ ತೂಗಿಸುವುದು) ಪ್ರಯೋಗ ಮಾಡಿದೆವು. ಉದ್ದ 1 ಮೀಟರ್. 20 ಆಂದೋಲನಕ್ಕೆ ಹಿಡಿದ ಸಮಯ 40.1, 40.6, 40.2, 40.4, 40.2 ಸೆಕೆಂಡ್. ಜಿ, ಅಂದರೆ ಗುರುತ್ವ ವೇಗೋತ್ಕರ್ಷ, ಬಂದಿದ್ದು 9.72 ಮೀ/ಸೆ². ಪಕ್ಕದ ಬೆಂಚಿನವರಿಗೆ ಸರಿಯಾಗಿ ಪುಸ್ತಕದ 9.8! (ಹೇಗೆ ಅಂತ ಕೇಳಬೇಡಿ, ರಬ್ಬರ್ ನನ್ನದೇ.) ಸೀನಿಯರ್ ಒಬ್ಬರು ‘ಹ್ಯೂಮನ್ ಎರರ್ ಅಂತ ಬರೆದು ಮುಗಿಸು’ ಅಂದರು. ನನಗೆ ಸಮಾಧಾನವಿಲ್ಲ. ಆ 40.6 ಹೊಡೆದು ಹಾಕಲಾ?

ಹಳೇ ಲ್ಯಾಬ್ ಮೇಷ್ಟ್ರು:
ಬೇಡ ಮಾರಾಯ್ತಿ. ಅದನ್ನು ಬಿಟ್ಟರೆ 9.76 ಆಗುತ್ತದೆ, ಅದಕ್ಕೇ ಅದರ ಮೇಲೆ ಕಣ್ಣು. 40.1 ಹೊಡೆಯಲಾ ಅಂತ ನೀನು ಕೇಳಲಿಲ್ಲ ನೋಡು!

ಹ್ಯೂಮನ್ ಎರರ್ ಅಂದರೆ ಏನೂ ಹೇಳಿದಂತಲ್ಲ. ಎಷ್ಟು ಅಂತ ಹೇಳಬೇಕು. ನಿನ್ನ ರೀಡಿಂಗ್‌ಗಳು ಸರಾಸರಿಯಿಂದ ಸುಮಾರು 0.2 ಸೆಕೆಂಡ್ ಆಚೀಚೆ ಹರಡಿವೆ. ಅದನ್ನು 5ರ ವರ್ಗಮೂಲದಿಂದ ಭಾಗಿಸು, ಸರಾಸರಿಯ ಅನಿಶ್ಚಿತತೆ 0.09. ಅಂದರೆ ಶೇ 0.22. ಸೂತ್ರದಲ್ಲಿ ಸಮಯದ ವರ್ಗ ಇದೆ, ಹಾಗಾಗಿ ದುಪ್ಪಟ್ಟು, ಶೇ 0.44. ಉದ್ದಕ್ಕೆ 2 ಮಿಮೀ ಇಟ್ಟುಕೋ, ಶೇ 0.2. ಈ ಎರಡೂ ಶೇಕಡಾಗಳ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಹತ್ತಿರಹತ್ತಿರ ಶೇ 0.5. ನಿನ್ನ ಉತ್ತರ 9.72 ± 0.05.

ಇನ್ನೊಂದು, 9.8 ನಮ್ಮೂರಿನ ಬೆಲೆಯೇ ಅಲ್ಲ. 9.80665 ಅನ್ನುವುದು 1901ರಲ್ಲಿ ಒಪ್ಪಿಕೊಂಡ ಮಾನಕ. ಶಿವಮೊಗ್ಗ ಭೂಮಧ್ಯರೇಖೆಯಿಂದ ಬರೀ 14 ಡಿಗ್ರಿ ದೂರ, ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಮೇಲೆ. ಇಲ್ಲಿ 9.78 ಬರಬೇಕು. ನಿನ್ನದು ಅದಕ್ಕಿಂತ ಸ್ವಲ್ಪ ಕಮ್ಮಿ, ಗಾಬರಿ ಪಡುವಷ್ಟಲ್ಲ.

ಸಾಗರದ ತೋಟದವ:
ನಾನು ಫಿಸಿಕ್ಸ್ ಓದಿದವನಲ್ಲ. ಆದರೆ ಅಡಿಕೆ ಮೂಟೆ ತೂಗುವಾಗ ಮಷಿನ್ ಒಮ್ಮೆ 65.2, ಇನ್ನೊಮ್ಮೆ 65.3 ತೋರಿಸುತ್ತದೆ. ಅದಕ್ಕೆ ಯಾರೂ ಜಗಳ ಆಡಲ್ಲ. ಖಾಲಿ ಇರುವಾಗಲೇ ಅರ್ಧ ಕೆಜಿ ತೋರಿಸುತ್ತಿದ್ದರೆ? ಹತ್ತು ಸಲ ತೂಗಿದರೂ ಆ ಮೋಸ ಗೊತ್ತಾಗಲ್ಲ. ಉದ್ದ ಎಲ್ಲಿಂದ ಎಲ್ಲಿಗೆ ಅಳೆದಿದ್ದು ತಂಗಿ?

ತೀರ್ಥಹಳ್ಳಿ ಹುಡುಗಿ:
ದಾರ, ಆಮೇಲೆ ಗುಂಡಿನ ತ್ರಿಜ್ಯ... ಅಯ್ಯೋ, ಮಧ್ಯದ ಕೊಕ್ಕೆ ಬಿಟ್ಟಿದ್ದೇನೆ!

ಇವತ್ತು ಹೋಗಿ ಅಳೆದೆ. 6 ಮಿಮೀ. ಉದ್ದ 1.006 ಹಾಕಿದರೆ 9.78! ರೀಡಿಂಗ್ ಒಂದೂ ಮುಟ್ಟಿಲ್ಲ.

ಹಳೇ ಲ್ಯಾಬ್ ಮೇಷ್ಟ್ರು:
ಭೇಷ್. ಆದರೂ ± 0.05 ಬಿಡಬೇಡ, 9.8 ಕೂಡ ಅದರೊಳಗೇ ಇದೆ. ಮತ್ತೆ ನಿಜ ಹೇಳು, ಮೊದಲೇ 9.8 ಬಂದಿದ್ದರೆ ಕೊಕ್ಕೆ ಅಳೆಯುತ್ತಿದ್ದೆಯಾ?

ತೀರ್ಥಹಳ್ಳಿ ಹುಡುಗಿ:
ಇಲ್ಲ ಸರ್. ನಾಳೆ ಪಕ್ಕದ ಬೆಂಚಿನವರ ಕೊಕ್ಕೆ ಅಳೆಯುತ್ತೇನೆ.