'ಲೆ ಮಿಸರಾಬ್ಲ್' ತರಹ ಸೆಟ್ಟಿನಲ್ಲೇ ಹಾಡಿಸಬೇಕಾ? ಆ ಸಿನಿಮಾ ಗೆದ್ದಿದ್ದೆಲ್ಲಿ, ಸೋತಿದ್ದೆಲ್ಲಿ?

ರಂಗಸಜ್ಜಿಕೆ:
ಬೆಂಗಳೂರಿನ ನಮ್ಮ ತಂಡ ಆಡುತ್ತಿರುವ ಹಾಡುಪ್ರಧಾನ ನಾಟಕವೊಂದನ್ನು ಸಿನಿಮಾ ಮಾಡುವ ಮಾತು ನಡೆದಿದೆ. ಒಟ್ಟು ಒಂಬತ್ತು ಹಾಡು. ನಾಲ್ಕು ಒಬ್ಬೊಬ್ಬರೇ ಹಾಡುವಂಥವು, ಎರಡು ಇಬ್ಬರ ಸಂವಾದ, ಮೂರು ಮೇಳದ ಹಾಡು. ಅದೇ ಹೆಸರಿನ ಇಂಗ್ಲಿಷ್ ಹಾಡುನಾಟಕವನ್ನು ಆಧರಿಸಿ 2012ರಲ್ಲಿ ಟಾಮ್ ಹೂಪರ್ ಮಾಡಿದ 'ಲೆ ಮಿಸರಾಬ್ಲ್' ಸಿನಿಮಾ ತೋರಿಸಿ ನಮ್ಮ ನಿರ್ದೇಶಕರು "ಹೀಗೇ ಕ್ಯಾಮೆರಾ ಮುಂದೆ ಲೈವ್ ಹಾಡಿಸೋಣ" ಅಂತಿದ್ದಾರೆ. ನಟರೆಲ್ಲ ರಂಗದ ಮೇಲೆ ಹಾಡಿ ಪಳಗಿದವರೇ. ಆದರೆ ಆ ಸಿನಿಮಾವನ್ನು ಹೊಗಳುವವರು ಎಷ್ಟಿದ್ದಾರೋ ಬೈಯುವವರೂ ಅಷ್ಟೇ ಇದ್ದಾರೆ. ಅಲ್ಲಿ ಏನು ಕೆಲಸ ಮಾಡಿತು, ಏನು ಕೈಕೊಟ್ಟಿತು? ಮೂಲ ನಾಟಕ ಬಲ್ಲವರು, ಸೌಂಡ್ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ನಾಂದಿಪದ್ಯ:
ಮೊದಲು ಆ ನಾಟಕದ ಗುಣ ನೋಡಿ. 1985ರ ಲಂಡನ್ ಪ್ರಯೋಗದಿಂದಲೂ ಅದರಲ್ಲಿ ಬರೀ ಮಾತು ಇಲ್ಲವೆನ್ನುವಷ್ಟು ಕಡಿಮೆ. ಜಗಳ, ಚೌಕಾಸಿ, ಬೇಡಿಕೊಳ್ಳುವುದು ಎಲ್ಲವೂ ಹಾಡಿನಲ್ಲೇ. ಇಂಥದ್ದನ್ನು ಮೊದಲೇ ಸ್ಟುಡಿಯೋದಲ್ಲಿ ಹಾಡಿಸಿಟ್ಟು ತುಟಿ ಆಡಿಸಿದ್ದರೆ ಎರಡೂವರೆ ಗಂಟೆ ಕೂತು ನೋಡುವುದೇ ಕಷ್ಟವಾಗುತ್ತಿತ್ತು. ಲೈವ್ ಹಾಡಿಸಿದ್ದರಿಂದ ನಟ ಒಂದು ಪದಕ್ಕೆ ತಡೆಯಬಹುದು, ಉಸಿರು ಕಟ್ಟಿ ಮುಂದಿನ ಸಾಲಿಗೆ ಹೋಗಬಹುದು. ಹಾಡು ಮಾತಿನ ನಡೆಗೆ ಬಂತು.

ಆ್ಯನ್ ಹ್ಯಾಥ್‌ವೇ ಹಾಡುವ 'ಐ ಡ್ರೀಮ್ಡ್ ಎ ಡ್ರೀಮ್' ಇದಕ್ಕೆ ಸಾಕ್ಷಿ. ಬಹುಪಾಲು ಕತ್ತರಿಸದ ಒಂದೇ ಶಾಟು, ಮುಖ ಮಾತ್ರ. ಇದರಲ್ಲಿ ಜನ ಗಮನಿಸದ ಇನ್ನೊಂದು ಜಾಣತನವಿದೆ: ಹಾಡಿನ ಜಾಗವನ್ನೇ ಬದಲಿಸಿದ್ದಾರೆ. ನಾಟಕದಲ್ಲಿ ಕಾರ್ಖಾನೆಯ ಬಡ ಕೆಲಸಗಾರ್ತಿ ಫ್ಯಾಂಟೀನ್ (ಹ್ಯಾಥ್‌ವೇ ಪಾತ್ರ) ಕೆಲಸ ಕಳೆದುಕೊಂಡ ಕೂಡಲೇ ಇದನ್ನು ಹಾಡುತ್ತಾಳೆ. ಸಿನಿಮಾದಲ್ಲಿ ಕೂದಲು, ಹಲ್ಲು, ಕೊನೆಗೆ ಮೈಯನ್ನೇ ಮಾರಿಕೊಂಡ ಮೇಲೆ ಹಾಡುತ್ತಾಳೆ. ಆಗ 'ನನ್ನ ಕನಸು ಸತ್ತಿತು' ಎಂಬ ಭಾವಕ್ಕೆ ಆಧಾರ ಕಣ್ಣೆದುರೇ ಇರುತ್ತದೆ. ಬಂಡಾಯದ ವಿದ್ಯಾರ್ಥಿಗಳ 'ಡು ಯು ಹಿಯರ್ ದ ಪೀಪಲ್ ಸಿಂಗ್' ಹಾಡನ್ನು ಜನರಲ್ ಲಮಾರ್ಕ್ ಶವಯಾತ್ರೆಗೆ ತಂದಿದ್ದೂ ಅಷ್ಟೇ ಚೆನ್ನಾಗಿದೆ. 1832ರ ಜೂನ್ 5ರಂದು ಪ್ಯಾರಿಸ್‌ನಲ್ಲಿ ದಂಗೆ ಹೊತ್ತಿಕೊಂಡಿದ್ದೇ ಆ ಮೆರವಣಿಗೆಯಲ್ಲಿ. ನಿಮ್ಮ ನಿರ್ದೇಶಕರು ಕಲಿಯಬೇಕಾದ್ದು ಲೈವ್ ತಂತ್ರಕ್ಕಿಂತ ಮೊದಲು ಇದನ್ನು. ರಂಗದ ಕ್ರಮವನ್ನೇ ಹಿಡಿದು ಕೂರಬೇಡಿ.

ಸೋತಿದ್ದು ಮೇಳದ ಹಾಡುಗಳಲ್ಲಿ. 'ಒನ್ ಡೇ ಮೋರ್' ನಾಟಕದ ಮೊದಲ ಅಂಕದ ಕೊನೆ. ಪ್ರೇಮಿಗಳು, ಪೊಲೀಸು, ಕಳ್ಳ ದಂಪತಿ, ವಿದ್ಯಾರ್ಥಿಗಳು ಒಂದೇ ರಂಗದ ಮೇಲೆ ತಮ್ಮತಮ್ಮ ಮಟ್ಟು ಹಿಡಿದು ಒಟ್ಟಿಗೆ ಹಾಡುತ್ತಾರೆ. ಯಾರನ್ನು ನೋಡಬೇಕು ಅನ್ನುವುದು ಪ್ರೇಕ್ಷಕರ ಕೈಯಲ್ಲಿರುತ್ತದೆ. ಸಿನಿಮಾ ಒಂದೊಂದೇ ಮುಖ ತೋರಿಸುತ್ತ ಹೋಗುತ್ತದೆ. ಯಾರ ಮುಖ ಕಂಡಿತೋ ಅವರ ಸಾಲಷ್ಟೇ ಕಿವಿಗೆ ಬೀಳುತ್ತದೆ, ಮಿಕ್ಕವು ಹಿಂದೆ ಸರಿಯುತ್ತವೆ. ಐದಾರು ಎಳೆ ಹೆಣೆದ ಹಾಡು ಒಂದೊಂದೇ ಎಳೆಯಾಗಿ ಬಿಚ್ಚಿಹೋಗುತ್ತದೆ. ಇಲ್ಲಿ ಬೇಕಿದ್ದದ್ದು ದೂರದ, ಅಗಲವಾದ ಶಾಟು.

ಪಾತ್ರಕ್ಕೆ ತಕ್ಕ ಕಂಠ ಇಲ್ಲದಿದ್ದರೆ ಲೈವ್ ಕಾಪಾಡುವುದಿಲ್ಲ. ಪೊಲೀಸ್ ಅಧಿಕಾರಿ ಜಾವೇರ್ ಅಲುಗಾಡದ ನಂಬಿಕೆಯ ಮನುಷ್ಯ. ಅವನ 'ಸ್ಟಾರ್ಸ್'ಗೆ ಉದ್ದ ಉಸಿರಿನ, ನೇರ ನಿಲ್ಲುವ ಸ್ವರ ಬೇಕು. ರಸೆಲ್ ಕ್ರೋ ದನಿಯಲ್ಲಿ ಅದು ನಿಲ್ಲಲಿಲ್ಲ, ಪಾತ್ರವೂ ಸೊರಗಿತು. ಕಥಾನಾಯಕ ಜಾನ್ ವಾಲ್‌ಜಾನ್ ಹಾಡುವ 'ಬ್ರಿಂಗ್ ಹಿಮ್ ಹೋಮ್' ಮೆಲ್ಲಗೆ ಮೇಲಿನ ಸ್ಥಾಯಿಯಲ್ಲಿ ತೇಲಬೇಕಾದ ಪ್ರಾರ್ಥನೆ. ಹ್ಯೂ ಜಾಕ್‌ಮನ್ ಅದನ್ನು ಎದೆಯಿಂದ ಒತ್ತಿ ಹಾಡಿದ್ದಾರೆ. ಬೇಡಿಕೆ ಹೋಗಿ ಹಟ ಉಳಿಯಿತು.

ಬೂಮ್ ರಾಡ್:
ತಂತ್ರದ ಬಗ್ಗೆ ಹೇಳ್ತೀನಿ. ಅಲ್ಲಿ ನಟರ ಕಿವಿಯಲ್ಲಿ ಸಣ್ಣ ಇಯರ್‌ಪೀಸ್. ಸೆಟ್ಟಿನ ಆಚೆ ಒಬ್ಬರು ಎಲೆಕ್ಟ್ರಿಕ್ ಪಿಯಾನೊ ನುಡಿಸ್ತಿದ್ರು, ಅದು ನಟರಿಗೆ ಮಾತ್ರ ಕೇಳ್ತಿತ್ತು. ಪಿಯಾನೊದವರೇ ನಟರನ್ನ ಹಿಂಬಾಲಿಸಬೇಕು. ವಾದ್ಯಗೋಷ್ಠಿಯನ್ನ ಆಮೇಲೆ ಹಾಡಿಗೆ ಹೊಂದಿಸಿ ರೆಕಾರ್ಡ್ ಮಾಡಿದ್ರು. ಕಾಲರ್ ಮೈಕ್ ಬಟ್ಟೆಯ ಮೇಲೇ ಇಟ್ಟು, ಕಂಡ ಕಡೆ ಗ್ರಾಫಿಕ್ಸ್‌ನಲ್ಲಿ ಅಳಿಸಿದ್ರು. ಬಟ್ಟೆ ಒಳಗೆ ಮುಚ್ಚಿಟ್ರೆ ಉಜ್ಜೋ ಸದ್ದು ಬರುತ್ತೆ, ದನಿಯ ಹೊಳಪೂ ಮಂಕಾಗುತ್ತೆ.

ದೊಡ್ಡ ಪೆಟ್ಟು ಬೀಳೋದು ಎಡಿಟಿಂಗ್‌ನಲ್ಲಿ. ನಟ ತನ್ನ ಲಯದಲ್ಲಿ ಹಾಡಿದ್ರೆ ಒಂದು ಟೇಕ್ 3 ನಿಮಿಷ 10 ಸೆಕೆಂಡ್, ಇನ್ನೊಂದು 3 ನಿಮಿಷ 22 ಸೆಕೆಂಡ್ ಆಗಬಹುದು. ಮೊದಲನೇ ಟೇಕಿನ ಕ್ಲೋಸಪ್‌ಗೆ ಎರಡನೇದರ ವೈಡ್ (ದೂರದ ಶಾಟ್) ಅಂಟಿಸಕ್ಕಾಗಲ್ಲ. ಹಾಗಾಗಿ ಎರಡೋ ಮೂರೋ ಕ್ಯಾಮೆರಾ ಒಟ್ಟಿಗೆ ಓಡಲೇಬೇಕು, ಟೈಮ್‌ಕೋಡ್ (ಎಲ್ಲ ಯಂತ್ರಕ್ಕೂ ಒಂದೇ ಗಡಿಯಾರದ ಗುರುತು) ಕಟ್ಟಿರಬೇಕು. ಬಜೆಟ್ ಒಂದೇ ಕ್ಯಾಮೆರಾಗೆ ಇದ್ರೆ ಹಾಡು ಪೂರ್ತಿ ಒಂದೇ ಶಾಟಲ್ಲಿ ಪ್ಲಾನ್ ಮಾಡಿ.

ಬೆಂಗಳೂರಲ್ಲಿ ಹಗಲು ಹೊತ್ತು ಹಾಲ್‌ನಲ್ಲಿ ಲೈವ್ ಹಾಡು ಅಂದ್ರೆ ಆಟೋ ಹಾರನ್ನು, ಪಕ್ಕದ ಸೈಟಿನ ಕಟ್ಟಿಂಗ್ ಮೆಷಿನ್ನು, ಕುಕ್ಕರ್ ಸೀಟಿ ಎಲ್ಲಾ ಜೊತೆಗೆ ಬರುತ್ತೆ. ಮಾತಿನ ಮಧ್ಯೆ ಹಾರನ್ ಬಂದ್ರೆ ಆ ಸಾಲು ಡಬ್ ಮಾಡಬಹುದು. ಎಳೆದು ಹಿಡಿದ ಸ್ವರದ ಮೇಲೆ ಬಂದ್ರೆ ಆ ಟೇಕೇ ಹೋಯ್ತು. ರಾತ್ರಿ 11ರ ಮೇಲೆ ಶೂಟ್ ಇಟ್ಕೊಳ್ಳಿ. ಫ್ಯಾನ್, ಎಸಿ, ಫ್ರಿಜ್ ಎಲ್ಲಾ ಆಫ್. ಜನರೇಟರ್ ಕಟ್ಟಡದ ಹಿಂಬದಿಗೆ. ಒಬ್ಬೊಬ್ಬ ನಟರಿಗೂ ಬೇರೆ ಟ್ರ್ಯಾಕ್, ಜೊತೆಗೆ ಬೂಮ್‌ಗೆ (ಕೋಲಿನ ತುದಿಯ ಮೈಕ್) ಇನ್ನೊಂದು. ರೆಕಾರ್ಡರ್‌ನಲ್ಲಿ ಗುಣಮಟ್ಟ 48 ಕಿಲೋಹರ್ಟ್ಸ್, 24 ಬಿಟ್‌ಗೆ ಇಡಿ. ಅತಿ ಜೋರಿನ ಸಾಲು ಮೀಟರ್‌ನಲ್ಲಿ ಮೈನಸ್ 10 ಡೆಸಿಬಲ್ (ಸೊನ್ನೆ ಮುಟ್ಟಿದ್ರೆ ದನಿ ಒಡೆಯುತ್ತೆ) ದಾಟದ ಹಾಗೆ ಲೆವೆಲ್ ಇಡಿ, ಯಾಕಂದ್ರೆ ರಂಗದ ನಟರು ರಿಹರ್ಸಲ್‌ಗಿಂತ ಟೇಕಲ್ಲಿ ಜೋರಾಗಿ ಹಾಡ್ತಾರೆ. ಪ್ರತಿ ಜಾಗದಲ್ಲೂ ಒಂದು ನಿಮಿಷ ಖಾಲಿ ಕೋಣೆಯ ಸದ್ದು ಹಿಡೀರಿ, ಎಡಿಟಿಂಗ್‌ನಲ್ಲಿ ಖಾಲಿ ಜಾಗ ತುಂಬಕ್ಕೆ ಬೇಕಾಗುತ್ತೆ.

ಗ್ರೀನ್‌ರೂಮ್:
ಎಲ್ಲ ಹಾಡಿಗೂ ಒಂದೇ ಪದ್ಧತಿ ಯಾಕೆ? 1964ರ 'ಮೈ ಫೇರ್ ಲೇಡಿ'ಯಲ್ಲೇ ಇದು ಬೆರೆತಿದೆ. ರೆಕ್ಸ್ ಹ್ಯಾರಿಸನ್ ತುಟಿ ಆಡಿಸಲು ಒಪ್ಪದೆ, ಟೈ ಒಳಗೆ ವೈರ್‌ಲೆಸ್ ಮೈಕ್ ಇಟ್ಟುಕೊಂಡು ಸೆಟ್ಟಿನಲ್ಲೇ ಹಾಡಿದರು. ಅದೇ ಸಿನಿಮಾದಲ್ಲಿ ಆಡ್ರಿ ಹೆಪ್‌ಬರ್ನ್ ಹಾಡುಗಳಿಗೆ ಬಹುಪಾಲು ದನಿ ಮಾರ್ನಿ ನಿಕ್ಸನ್ ಅವರದ್ದು.

ನಿಮ್ಮ ಏಕವ್ಯಕ್ತಿ ಹಾಡುಗಳನ್ನೂ ಸಂವಾದಗಳನ್ನೂ ಲೈವ್ ಮಾಡಿ. ಕುಣಿತ, ಹೆಜ್ಜೆ ಸದ್ದು ಇರುವ ಮೇಳದ ಹಾಡುಗಳನ್ನು ಮೊದಲೇ ರೆಕಾರ್ಡ್ ಮಾಡಿಕೊಳ್ಳಿ. ಆದರೆ ಎರಡರ ನಡುವಿನ ಹೊಲಿಗೆ ಕಾಣಬಾರದು. ಸ್ಟುಡಿಯೋದಲ್ಲೂ ಸೆಟ್ಟಿನ ಅದೇ ಕಾಲರ್ ಮೈಕ್ ಬಳಸಿ, ದೊಡ್ಡ ಸ್ಟುಡಿಯೋ ಮೈಕ್ ಬೇಡ. ಮೇಳದ ಹಾಡಿನ ಮೊದಲ ಎರಡು ಸಾಲು ಸೆಟ್ಟಿನಲ್ಲೇ ಹಾಡಿಸಿ, ಮೂರನೆಯ ಸಾಲಿನಲ್ಲಿ ಟ್ರ್ಯಾಕ್‌ಗೆ ದಾಟಿ. ಬಟ್ಟೆ, ಕಾಲ್ಗೆಜ್ಜೆ, ಉಸಿರಿನ ಸದ್ದನ್ನು ಬೇರೆ ಹಿಡಿದು ಕೆಳಗೆ ಸೇರಿಸಿ.

ರಂಗಸಜ್ಜಿಕೆ:
ಎಲ್ಲರಿಗೂ ಧನ್ಯವಾದ. ಇನ್ನೊಂದು ಪ್ರಶ್ನೆ: ನಮ್ಮಲ್ಲಿ ಪಿಯಾನೊ ಇಲ್ಲ. ಕಂಪನಿ ನಾಟಕದ ರೀತಿ ಲೆಗ್ ಹಾರ್ಮೋನಿಯಂ (ಕಾಲಲ್ಲಿ ತುಳಿದು ಗಾಳಿ ಹಾಕುವಂಥದ್ದು), ತಬಲಾ. ಮೇಷ್ಟ್ರು ನಟರ ಮುಖ ನೋಡಿಕೊಂಡೇ ನುಡಿಸುತ್ತಾರೆ. ಇದನ್ನು ಲೈವ್ ಹಾಡಿಗೆ ಹೇಗೆ ಹೊಂದಿಸುವುದು?

ಬೂಮ್ ರಾಡ್:
ಹಾಗೆ ನುಡಿಸೋ ಮೇಷ್ಟ್ರು ಸಿಕ್ಕಿದ್ದು ನಿಮ್ಮ ಭಾಗ್ಯ. ಅವರನ್ನ ಪಕ್ಕದ ಕೋಣೆಗೆ ಕೂರಿಸಿ, ಕ್ಯಾಮೆರಾದಿಂದ ಮಾನಿಟರ್ ಕೊಡಿ. ಮಾನಿಟರ್‌ನಲ್ಲಿ ಚಿತ್ರ ತಡವಾಗಿ ಬರಬಾರದು, ಕೇಬಲ್ಲಲ್ಲೇ ಎಳೀರಿ. ಹಾರ್ಮೋನಿಯಂ ಸದ್ದು ಸೆಟ್ಟಿನ ಮೈಕ್‌ಗೆ ಸೇರಿದ್ರೆ ಆಮೇಲೆ ತೆಗೆಯಕ್ಕಾಗಲ್ಲ. ತಬಲಾ ಕಿವಿಗೆ ಮೆಲ್ಲಗೆ ಸಾಕು. ಇಯರ್‌ಪೀಸ್ ಒಂದೇ ಕಿವಿಗೆ, ಇನ್ನೊಂದು ಕಿವಿಯಲ್ಲಿ ಎದುರಿನ ನಟ ಕೇಳಬೇಕು.

ಶೂಟಿಂಗ್‌ಗೆ ಮುಂಚೆ ಟ್ಯೂನರ್ (ಶ್ರುತಿ ಅಳೆಯೋ ಸಾಧನ) ಹಿಡಿದು ಆ ಹಾರ್ಮೋನಿಯಂ ಪೆಟ್ಟಿಗೆಯ ಶ್ರುತಿ ಅಳೆದು ಬರೆದಿಡಿ. ಹಳೇ ಪೆಟ್ಟಿಗೆ ಸರಿಯಾಗಿ 440ರಲ್ಲಿ (ಈಗಿನ ವಾದ್ಯಗಳನ್ನ ಕೂಡಿಸೋ ಹರ್ಟ್ಸ್ ಅಳತೆ) ಇರೋದು ಅಪರೂಪ. ಕಪ್ಪು ಎರಡು (ಎರಡನೇ ಕಪ್ಪು ಮನೆಯ ಶ್ರುತಿ) ಅಂದುಕೊಂಡು ಹಾಡಿದ್ದು ಸ್ವಲ್ಪ ಏರಿದ್ರೂ ಆಮೇಲೆ ಕೊಳಲು, ಕೀಬೋರ್ಡ್ ಸೇರಿಸುವಾಗ ಕೂಡಲ್ಲ. ಮತ್ತೆ, ಕೂಗಾಟದ ದೃಶ್ಯ ಆದ ದಿನ ಏಕವ್ಯಕ್ತಿ ಹಾಡು ಇಡಬೇಡಿ. ರಂಗದ ಮೇಲೆ ಒಂದು ಸಲ ಹಾಡಿದ್ರೆ ಮುಗೀತು, ಇಲ್ಲಿ ಅದೇ ಹಾಡನ್ನ ಪೂರ್ತಿ ಕಂಠದಲ್ಲಿ ಏಳೆಂಟು ಸಲ ಹಾಡಬೇಕಾಗುತ್ತೆ.