ಅರಿವಳಿಕೆಯ 'ನಿರ್ವಹಣೆ'ಯೋ, ಹದ ಕಾಯುವುದೋ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕೆ ನಿಮ್ಮ ನೆರವು ಬೇಕು.

ಲಂಡನ್ನಿನ ಏರ್ ಆಂಬ್ಯುಲೆನ್ಸ್ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. 1989ರಲ್ಲಿ ಶುರುವಾದ ಸೇವೆ ಅದು. ಡಾಕ್ಟರು, ಪ್ಯಾರಾಮೆಡಿಕ್ ಇಬ್ಬರೂ ಅಪಘಾತದ ಜಾಗಕ್ಕೇ ಹೋಗುತ್ತಾರೆ. ಬೇಕಾದರೆ ರಸ್ತೆ ಬದಿಯಲ್ಲೇ ಅರಿವಳಿಕೆ ಕೊಟ್ಟು ಗಂಟಲಿಗೆ ಟ್ಯೂಬ್ ಹಾಕುತ್ತಾರೆ. ಇಲ್ಲಿವರೆಗೆ ಪದಗಳಿಗೆ ಕೊರತೆ ಬೀಳಲಿಲ್ಲ.

ಆಮೇಲೆ ಆಸ್ಪತ್ರೆ ಮುಟ್ಟುವ ತನಕ ಆ ಅರಿವಳಿಕೆ ತಿಳಿಯಾಗದಂತೆ ನೋಡಿಕೊಳ್ಳಬೇಕು. ಡಾಕ್ಟರುಗಳು ಇದಕ್ಕೆ 'ಮೇಂಟೆನೆನ್ಸ್' ಅನ್ನುತ್ತಾರೆ. 'ಅರಿವಳಿಕೆ ನಿರ್ವಹಣೆ' ಎಂದು ಬರೆದು ಓದಿದೆ. ರಸ್ತೆ ನಿರ್ವಹಣೆ, ಲೆಕ್ಕಪತ್ರ ನಿರ್ವಹಣೆ ನೆನಪಾಯಿತು. ಅಳಿಸಿಬಿಟ್ಟೆ.

ಅಲ್ಲಿ ನಡೆಯುವ ಕೆಲಸ ಎಂಥದ್ದು ನೋಡಿ. ಕೆಟಮಿನ್ ಎಂಬ ಅರಿವಳಿಕೆ ಔಷಧಿಯನ್ನು ಒಮ್ಮೆ ರಕ್ತನಾಳಕ್ಕೆ ಕೊಟ್ಟರೆ ಸುಮಾರು 10ರಿಂದ 20 ನಿಮಿಷ ಕೆಲಸ ಮಾಡುತ್ತದೆ. ಜೊತೆಗೆ ಕೊಡುವ ರೋಕ್ಯುರೋನಿಯಂ ಮೈಯ ಸ್ನಾಯುಗಳನ್ನು ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಸಡಿಲ ಮಾಡಿಡುತ್ತದೆ. ಸಮಯಕ್ಕೆ ಮತ್ತೆ ಔಷಧಿ ಕೊಡದಿದ್ದರೆ ಅರಿವು ಮರಳುತ್ತದೆ, ಮೈ ಮಾತ್ರ ಏಳುವುದಿಲ್ಲ. ನೋವು ತಿಳಿಯುತ್ತದೆ, ಒಂದು ಬೆರಳು ಅಲ್ಲಾಡಿಸಿ ಹೇಳಲೂ ಆಗುವುದಿಲ್ಲ. ಜೊತೆಗಿರುವವರಿಗೆ ಸಿಗುವ ಸುಳಿವು ನಾಡಿ, ಬಿಪಿ, ಬೆವರು, ಕಣ್ಣಂಚಿನ ನೀರು, ಇಷ್ಟೇ. ತುಂಬಾ ರಕ್ತ ಹೋದವರಲ್ಲಿ ಈ ಸುಳಿವನ್ನೂ ಪೂರ್ತಿ ನಂಬುವ ಹಾಗಿಲ್ಲ. ಹಾಗಂತ ಜಾಸ್ತಿ ಕೊಟ್ಟರೂ ಅಪಾಯವೇ. ಪ್ರೊಪೊಫಾಲ್ ಎಂಬ ಇನ್ನೊಂದು ಅರಿವಳಿಕೆ ಔಷಧಿ ಬಿಪಿ ಇಳಿಸುತ್ತದೆ. ತಲೆಗೆ ಪೆಟ್ಟಾದವರಲ್ಲಿ ಬಿಪಿ ಇಳಿದರೆ ಮಿದುಳಿಗೆ ಇನ್ನಷ್ಟು ಹಾನಿ.

ಇದನ್ನೆಲ್ಲ ಬರೆಯುವಾಗ 'ಹದ' ಎಂಬ ಮಾತು ಹೊಳೆಯಿತು. ಬೆಲ್ಲದ ಪಾಕ ಇಟ್ಟವರು ಒಲೆ ಬಿಟ್ಟು ಕದಲುವುದಿಲ್ಲ, ಅಲ್ವಾ? ಒಂದು ಗಳಿಗೆ ಮುಂಚೆ ಇಳಿಸಿದರೆ ಎಳೆ, ತಡವಾದರೆ ಗಟ್ಟಿ. 'ಅರಿವಳಿಕೆಯ ಹದ ಕಾಯುವುದು' ಎಂದರೆ ಹೇಗೆ? 'ಕಾಯು' ಅನ್ನುವುದರಲ್ಲಿ ಕಾವಲೂ ಇದೆ. 'ಅರಿವಳಿಕೆ ಉಳಿಕೆ' ಎಂದೂ ಯೋಚಿಸಿದೆ. ಅಳಿ–ಉಳಿ ಜೋಡಿ ಕಿವಿಗೆ ಹಿತ. ಆದರೆ ಉಳಿಕೆ ಎಂದರೆ ಮಿಕ್ಕಿದ್ದು. ಔಷಧಿಯ ಪ್ರಭಾವ ಇನ್ನೂ ಇಳಿದಿಲ್ಲ ಎಂದು ಓದುಗರು ತಿಳಿದುಕೊಂಡಾರು.

ಇನ್ನೊಂದು ವಿಷಯ. ಪತ್ರಿಕೆಗಳಲ್ಲಿ ಅರಿವಳಿಕೆ, ಮಂಪರು ಎರಡನ್ನೂ ಸುಮ್ನೆ ಒಂದೇ ಎಂಬಂತೆ ಬಳಸುತ್ತಾರೆ. ಹಗುರ ಮಂಪರಿನಲ್ಲಿರುವವರು ಕರೆದರೆ ಓಗೊಡುತ್ತಾರೆ. ಅರಿವಳಿಕೆಯಲ್ಲಿ ಕೊಯ್ದರೂ ಗೊತ್ತಾಗದು. 'ನಿದ್ದೆ ಬರಿಸಿದರು' ಎನ್ನುವುದೂ ಇಲ್ಲಿ ಸರಿಹೋಗುವುದಿಲ್ಲ. ಕೆಟಮಿನ್ ಕೊಟ್ಟಾಗ ಕಣ್ಣು ತೆರೆದೇ ಇರಬಹುದು.

ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡುವವರು ಇಲ್ಲಿ ಯಾರಾದರೂ ಇದ್ದೀರಾ? ರೋಗಿಯ ಮನೆಯವರಿಗೆ ಕನ್ನಡದಲ್ಲಿ ಹೇಳುವಾಗ ಈ ಕೆಲಸಕ್ಕೆ ಏನೆನ್ನುತ್ತೀರಿ? 'ಮತ್ತು ಇಳಿಯದ ಹಾಗೆ ನೋಡ್ಕೋತೀವಿ' ಅಂತಲೋ, ಬೇರೆ ಮಾತಿದೆಯೋ? ನಿಮ್ಮ ಊರಿನ ಬಳಕೆ ಹೇಗಿದೆಯೋ ಹಾಗೇ ಬರೆಯಿರಿ.