ವಿಶೇಷ ಶಿಕ್ಷಣದಲ್ಲಿ ಪಿಎಚ್‌.ಡಿ.: ಶಿಕ್ಷಕರನ್ನು ರೂಪಿಸುವ ಕೆಲಸಕ್ಕೆ ತಯಾರಿ ಹೇಗೆ?

ಪ್ರಶ್ನೆ

ಕೆಲವು ವರ್ಷ ವಿಶೇಷ ಶಿಕ್ಷಕಿಯಾಗಿದ್ದು ಈಗ ಅದೇ ಕ್ಷೇತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ನಮ್ಮ ವಿಭಾಗದಲ್ಲಿ ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರಗಳ ಬೋಧನೆಗೆ ಕೊರತೆಯಿಲ್ಲ. ಆದರೆ ಪದವಿಯ ನಂತರ ನಾನು ಸೇರುವುದು ಬಹುಶಃ ಶಿಕ್ಷಕರ ತರಬೇತಿ ಕಾಲೇಜಿಗೆ. ಪ್ರಶಿಕ್ಷಣಾರ್ಥಿಗಳಿಗೆ ಪಾಠ ಮಾಡುವುದು, ಅವರ ಬೋಧನಾಭ್ಯಾಸವನ್ನು ನೋಡಿ ತಿದ್ದುವುದು ಹೇಗೆಂದು ಇಲ್ಲಿ ಯಾರೂ ಹೇಳಿಕೊಡುವುದಿಲ್ಲ. ಮಕ್ಕಳಿಗೆ ಕಲಿಸಿದ ಅನುಭವವೇ ಅದಕ್ಕೆ ಸಾಕೆಂಬುದು ಮಾರ್ಗದರ್ಶಕರ ಅಭಿಪ್ರಾಯ. ನಿಜಕ್ಕೂ ಸಾಕೇ?

ಉತ್ತರ 1

ಸಾಲದು. ಓದಲು ತಡವರಿಸುವ ಮಗುವಿನ ಎದುರು ಕುಳಿತಾಗ ಎಲ್ಲಿ ಸುಳಿವು ಕೊಡಬೇಕು, ಎಷ್ಟು ಹೊತ್ತು ಕಾಯಬೇಕು, ಯಾವ ತಪ್ಪನ್ನು ಕೂಡಲೇ ತಿದ್ದಿ ಯಾವುದನ್ನು ಸದ್ಯಕ್ಕೆ ಬಿಡಬೇಕು ಎಂಬುದನ್ನೆಲ್ಲ ಅನುಭವಿ ಶಿಕ್ಷಕಿ ಯೋಚಿಸದೆಯೇ ನಿರ್ಧರಿಸಿರುತ್ತಾರೆ. ಪ್ರಶಿಕ್ಷಣಾರ್ಥಿಗೆ ಬೇಕಾಗಿರುವುದು ಆ ನಿರ್ಧಾರಗಳ ಹಿಂದಿನ ಕಾರಣ. ಅದನ್ನು ಬಿಡಿಸಿ ಹೇಳುವುದು ಬೇರೆಯೇ ವಿದ್ಯೆ. ‘ಪಾಠ ಚೆನ್ನಾಗಿತ್ತು, ಇನ್ನಷ್ಟು ಉತ್ಸಾಹವಿರಲಿ’ ಎಂಬ ಮಾತಿನಿಂದ ಯಾರೂ ಏನನ್ನೂ ಕಲಿಯುವುದಿಲ್ಲ. ‘ಪ್ರಶ್ನೆ ಕೇಳಿ ಎರಡು ಸೆಕೆಂಡಿನೊಳಗೆ ಉತ್ತರವನ್ನೂ ನೀವೇ ಹೇಳಿದಿರಿ, ಮಗು ಆಗಷ್ಟೇ ಬಾಯಿ ತೆರೆಯುತ್ತಿತ್ತು’ ಎಂದರೆ ಮರುದಿನದ ಪಾಠ ಬದಲಾಗುತ್ತದೆ.

ಮೊದಲು ಹಿರಿಯ ಪ್ರಾಧ್ಯಾಪಕರೊಬ್ಬರ ಕೋರ್ಸನ್ನು ಕುಳಿತು ಗಮನಿಸಿ, ನಂತರ ಅವರ ಜೊತೆಗೂಡಿ ಕಲಿಸಿ, ಆಮೇಲೆ ಒಂದು ಕೋರ್ಸನ್ನು ಸ್ವತಂತ್ರವಾಗಿ ನಡೆಸಿ. ನೀವು ಹಿಮ್ಮಾಹಿತಿ ಕೊಡುವುದನ್ನೂ ಅವರು ಕುಳಿತು ನೋಡಲಿ.

ಉತ್ತರ 2

ಮೇಲಿನ ಮಾತು ಒಪ್ಪತಕ್ಕದ್ದೇ, ಆದರೆ ಬೋಧನೆಯ ಹೊರೆಯಲ್ಲಿ ಪ್ರಬಂಧ ವರ್ಷಗಟ್ಟಲೆ ಮುಂದೆ ಹೋಗುವುದೂ ಉಂಟು. ಬೋಧನೆ, ಸಂಶೋಧನೆ ಎರಡನ್ನೂ ಬೇರೆ ಬೇರೆ ತರಬೇತಿಗಳೆಂದು ಎಣಿಸುವುದೇ ತೊಡಕಿಗೆ ಮೂಲವೆಂದು ನನಗನ್ನಿಸುತ್ತದೆ. ಒಂದೇ ಬಗೆಯ ಅಗತ್ಯವುಳ್ಳ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸಿಗುವುದು ಅಪರೂಪವಾದ್ದರಿಂದ, ಪ್ರತಿ ಮಗುವನ್ನೂ ಅದರದೇ ಹಿಂದಿನ ಸ್ಥಿತಿಯೊಂದಿಗೆ ಹೋಲಿಸಿ ನೋಡುವ ಏಕ-ಪ್ರಕರಣ ವಿನ್ಯಾಸ ನಮ್ಮ ಕ್ಷೇತ್ರದಲ್ಲಿ ಬೇರೂರಿದೆ. ವಿಶೇಷ ಶಿಕ್ಷಣದ ಸಂಶೋಧಕ ರಾಬರ್ಟ್ ಹಾರ್ನರ್ ಮತ್ತು ಸಂಗಡಿಗರು ಇಂಥ ಅಧ್ಯಯನಗಳಿಗೆಂದು 2005ರಲ್ಲಿ ಪ್ರಕಟಿಸಿದ ಮಾನದಂಡಗಳ ಪ್ರಕಾರ, ಪ್ರಯೋಗಿಸಿದ ವಿಧಾನದ ಪರಿಣಾಮವು ಕನಿಷ್ಠ ಮೂರು ಬೇರೆ ಬೇರೆ ಕಾಲಘಟ್ಟಗಳಲ್ಲಿ ಕಾಣಿಸಬೇಕು, ವೀಕ್ಷಕರ ನಡುವಿನ ಸಹಮತಿ ಸಾಮಾನ್ಯವಾಗಿ ಶೇ. 80ಕ್ಕಿಂತ ಕಡಿಮೆ ಇರಬಾರದು.

ಆ ಸಹಮತಿಯನ್ನು ಸಾಧಿಸಲು ಇಬ್ಬರು ಒಂದೇ ವಿಡಿಯೊವನ್ನು ಪ್ರತ್ಯೇಕವಾಗಿ ನೋಡಿ, ‘ಶಿಕ್ಷಕಿ ಸುಳಿವು ಕೊಟ್ಟರೇ, ಇಲ್ಲವೇ’ ಎಂದು ಗುರುತು ಹಾಕಿ, ಹೊಂದದ ಕಡೆ ವ್ಯಾಖ್ಯೆಯನ್ನೇ ಬಿಗಿಗೊಳಿಸಬೇಕು. ಬೇಸರ ತರಿಸುವ ಕೆಲಸ, ನಿಜ. ಆದರೆ ಬೋಧನಾಭ್ಯಾಸದ ವೇಳೆ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತವರಿಗೆ ಬೇಕಾದ ಕಣ್ಣು ಪಳಗುವುದು ಅಲ್ಲಿಯೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಪ್ರಬಂಧದಲ್ಲಿ ಮಕ್ಕಳ ಬದಲು ಪ್ರಶಿಕ್ಷಣಾರ್ಥಿಗಳನ್ನೇ ಅಧ್ಯಯನ ಮಾಡಬಹುದೇ?

ಉತ್ತರ 3

ಮಾಡಬಹುದು, ಆದರೆ ಮಕ್ಕಳನ್ನು ಕೈಬಿಡಬೇಡಿ. ಮೂರ್ನಾಲ್ಕು ಪ್ರಶಿಕ್ಷಣಾರ್ಥಿಗಳ ಸದ್ಯದ ಬೋಧನೆಯನ್ನು ಮೊದಲು ದಾಖಲಿಸಿ, ತರಗತಿಯೊಳಗಿನ ಮಾರ್ಗದರ್ಶನವನ್ನು ಒಬ್ಬೊಬ್ಬರಿಗೆ ಬೇರೆ ಬೇರೆ ಸಮಯದಲ್ಲಿ ಆರಂಭಿಸಿದರೆ, ಬದಲಾವಣೆ ಮಾರ್ಗದರ್ಶನದಿಂದಲೇ ಬಂದಿತೇ ಎಂಬುದು ತಿಳಿಯುತ್ತದೆ. ಶಿಕ್ಷಕರು ವಿಧಾನವನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರು ಎಂಬುದರ ಜೊತೆಗೆ ಅವರ ವಿದ್ಯಾರ್ಥಿಗಳು ಎಷ್ಟು ಕಲಿತರು ಎಂಬುದನ್ನೂ ಅಳೆಯಿರಿ. ಮೊದಲನೆಯದನ್ನು ಮಾತ್ರ ಅಳೆದು ನಿಲ್ಲಿಸುವುದು ಅರೆಬರೆ ಕೆಲಸ.

ಇನ್ನೊಂದು ಮಾತು. ನೀವೇ ಅಂಕ ಕೊಡುವ ಪ್ರಶಿಕ್ಷಣಾರ್ಥಿಗಳು ನಿಮ್ಮ ಅಧ್ಯಯನಕ್ಕೆ ‘ಒಲ್ಲೆ’ ಎನ್ನಲು ಹಿಂಜರಿಯುತ್ತಾರೆ. ಒಪ್ಪಿಗೆ ಪತ್ರವನ್ನು ಬೇರೊಬ್ಬರು ಪಡೆಯಲಿ, ಯಾರು ಒಪ್ಪಿದರು ಎಂಬುದು ಅಂಕಪಟ್ಟಿ ಸಲ್ಲಿಕೆಯಾಗುವವರೆಗೆ ನಿಮಗೆ ತಿಳಿಯದಿರಲಿ. ಹಾಗೆ ಮಾಡಬೇಕಾದರೆ ಎಲ್ಲರಿಗೂ ಒಂದೇ ಮಾರ್ಗದರ್ಶನ ಸಿಗಬೇಕು, ಎಲ್ಲರ ಪಾಠಗಳೂ ಕೋರ್ಸಿನ ಅಂಗವಾಗಿಯೇ ದಾಖಲಾಗಬೇಕು. ಒಪ್ಪಿಗೆ ಬೇಕಾಗುವುದು ಆ ದಾಖಲೆಯನ್ನು ಸಂಶೋಧನೆಗೆ ಬಳಸುವುದಕ್ಕೆ ಮಾತ್ರ. ವಿಡಿಯೊದಲ್ಲಿ ಕಾಣುವ ಮಕ್ಕಳ ಪೋಷಕರ ಒಪ್ಪಿಗೆಯನ್ನಂತೂ ಚಿತ್ರೀಕರಣಕ್ಕೆ ಮೊದಲೇ ಪಡೆದಿರಬೇಕು.